ಗೆರೆ ನಕ್ಷೆಯದು, ಗೇಟು ರೈತನದು

ಐರ್ಲೆಂಡಿನ ಅಧಿಕೃತ ಭೂಪಟಗಳ ಅಂಚಿನಲ್ಲಿ ಸಣ್ಣ ಅಕ್ಷರದ ಸೂಚನೆಯೊಂದಿರುತ್ತದೆ: ಇಲ್ಲಿ ಕಾಲುದಾರಿ ಕಂಡ ಮಾತ್ರಕ್ಕೆ ಅದರಲ್ಲಿ ನಡೆಯುವ ಹಕ್ಕಿದೆ ಎಂದು ತಿಳಿಯಬೇಡಿ. ಅಲ್ಲಿ ಗುಡ್ಡ ಹತ್ತ ಹೊರಟವರ ಪೇಚಾಟ ಶುರುವಾಗುವುದೇ ಈ ಸಾಲಿನಿಂದ.

ನೆರೆಯ ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯ್ದೆ, ಹೊಣೆಯರಿತು ನಡೆದುಕೊಳ್ಳುವವರಿಗೆ ಬಹುಪಾಲು ನೆಲವನ್ನು ತೆರೆದಿಟ್ಟಿತು. ಐರಿಷ್ ಗಣರಾಜ್ಯದಲ್ಲಿ ಅಂಥ ಹಕ್ಕಿಲ್ಲ. ದೇಶದ ಅತಿ ಎತ್ತರದ ಶಿಖರ, 1,038 ಮೀಟರಿನ ಕ್ಯಾರನ್‌ಟೂಹಿಲ್ ಕೂಡ ಖಾಸಗಿ ಆಸ್ತಿ. ಬೆಟ್ಟದ ಎಷ್ಟೋ ಹುಲ್ಲುಗಾವಲು ಹಲವು ರೈತರ ಜಂಟಿ ಒಡೆತನದ ‘ಕಾಮನೇಜ್’. ಹೆಸರು ಕೇಳಿ ನಮ್ಮ ಗೋಮಾಳ ಎಂದುಕೊಂಡರೆ ಎಡವಿದಂತೆ; ಅಲ್ಲಿ ಪ್ರತಿ ಪಾಲಿಗೂ ವಾರಸುದಾರರಿದ್ದಾರೆ.

ರೈತರ ಬಿಗಿತನಕ್ಕೆ ಇತಿಹಾಸವಿದೆ. ಅವರ ಹಿರೀಕರು ಜಮೀನ್ದಾರರ ಗೇಣಿದಾರರು. 1879ರಲ್ಲಿ ಶುರುವಾದ ಭೂಹೋರಾಟ, 1903ರ ವಿಂಡಮ್ ಕಾಯ್ದೆಗಳ ನಂತರವೇ ನೆಲ ಅವರ ಕೈಗೆ ಬಂದದ್ದು. ಹಾಗೆ ಪಡೆದ ಹೊಲಕ್ಕೆ ಯಾರೋ ಬಂದು ‘ಇದು ನನ್ನ ಹಕ್ಕು’ ಎಂದರೆ ಕಿವಿ ನೆಟ್ಟಗಾಗುವುದು ಸಹಜ. ಜೊತೆಗೆ ಕುರಿಗಳನ್ನು ಅಟ್ಟುವ ನಾಯಿಗಳು, ದಾರಿಗಡ್ಡ ನಿಲ್ಲಿಸಿದ ಕಾರುಗಳು.

ಬಿದ್ದು ಕಾಲು ಮುರಿದುಕೊಂಡವರು ಪರಿಹಾರ ಕೇಳಿದರೆ? 1995ರ ಕಾಯ್ದೆ ಈ ವಿಷಯದಲ್ಲಿ ಭೂಮಾಲೀಕನ ಹೊಣೆಯನ್ನು ಸಾಕಷ್ಟು ಹಗುರ ಮಾಡಿದೆ. ವಿಕ್ಲೋ ಬೆಟ್ಟದ ಹಲಗೆದಾರಿಯಲ್ಲಿ ಎಡವಿದ ಚಾರಣಿಗರೊಬ್ಬರಿಗೆ ಕೆಳಗಿನ ನ್ಯಾಯಾಲಯ ಕೊಡಿಸಿದ್ದ 40,000 ಯೂರೊ ಪರಿಹಾರವನ್ನು 2017ರಲ್ಲಿ ಹೈಕೋರ್ಟ್ ರದ್ದುಮಾಡಿತು. ಆದರೂ ಭಯ ಹೋಗಿಲ್ಲ. ಕೊನೆಗೆ ಗೆದ್ದರೂ ವಕೀಲರ ಮನೆಗೆ ಅಲೆಯುವುದು ತಪ್ಪೀತೇ?

ಹೆಸರಾಂತ ದಾರಿಗಳ ಪಾಡು ಪರವಾಗಿಲ್ಲ. 1980ರಲ್ಲಿ ತೆರೆದ ವಿಕ್ಲೋ ವೇ ಸುಮಾರು 130 ಕಿಲೋಮೀಟರ್ ಉದ್ದಕ್ಕೂ ಗುರುತುಕಂಬಗಳನ್ನು ಹೊತ್ತಿದೆ. 2008ರಿಂದ ಸರ್ಕಾರದ ‘ವಾಕ್ಸ್ ಸ್ಕೀಮ್’ ಆಯ್ದ ದಾರಿಗಳನ್ನು ಸುಸ್ಥಿತಿಯಲ್ಲಿಡುವ ರೈತರಿಗೆ ಹಣ ಕೊಡುತ್ತಿದೆ. ಕಷ್ಟವಿರುವುದು ಊರ ಹಿಂದಿನ ಹೆಸರಿಲ್ಲದ ಗುಡ್ಡಕ್ಕೆ. ಯಾವ ಗೇಟಿನಿಂದ ಹತ್ತಬೇಕು, ಯಾರ ಮನೆ ಬಾಗಿಲಲ್ಲಿ ಒಂದು ಮಾತು ಹೇಳಬೇಕು ಎಂಬುದು ಊರಿನವರಿಗೆ ಗೊತ್ತು. ನಿನ್ನೆ ಮೊನ್ನೆ ಬಾಡಿಗೆಗೆ ಬಂದವನಿಗೆ? ರೈತ ಒಳ್ಳೆಯವನೇ ಇರಬಹುದು. ಅವನ ಒಳ್ಳೆಯತನ ರಸ್ತೆಯಿಂದ ಕಾಣುವುದಿಲ್ಲ. ಬಾಯಿಮಾತಿನ ಅನುಮತಿ ಜಮೀನು ಕೈಬದಲಾದ ದಿನವೇ ಮುಗಿದೂ ಹೋಗಬಹುದು.

ಹಾಗೆಂದು ನ್ಯಾಯಾಲಯಕ್ಕೆ ಹೋದರೆ ಲಿಸ್ಸಡೆಲ್ ನೆನಪಾಗುತ್ತದೆ. ಸ್ಲೈಗೋದ ಆ ಎಸ್ಟೇಟಿನ ದಾರಿಗಳ ವ್ಯಾಜ್ಯದಲ್ಲಿ 2010ರ ಹೈಕೋರ್ಟ್ ತೀರ್ಪು ಸಾರ್ವಜನಿಕರ ಪರವಾಗಿತ್ತು. 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಹುಮಟ್ಟಿಗೆ ತಿರುಗಿಸಿತು. ಹಳೆಯ ಬಳಕೆಯಿಂದ ಹಕ್ಕನ್ನು ಸಾಬೀತುಪಡಿಸುವುದು ಎಷ್ಟು ಕಷ್ಟ, ಎಷ್ಟು ದುಬಾರಿ ಎಂಬುದಕ್ಕೆ ಇನ್ನೇನು ಬೇಕು?

ಸ್ಕಾಟ್ಲೆಂಡಿನ ಕಾನೂನನ್ನೇ ತಂದು ಹೇರುವುದು ಇದಕ್ಕೆ ಮದ್ದಲ್ಲ. ಹಾಗೆ ಮಾಡಿದರೆ ಈಗ ತೆರೆದಿರುವ ಗೇಟುಗಳಿಗೂ ಬೀಗ ಬಿದ್ದೀತು. ಪ್ರತಿ ಕೌಂಟಿ ಕೌನ್ಸಿಲ್ ಊರಿನ ಸಣ್ಣ ದಾರಿಗಳಿಗೂ ರೈತರೊಡನೆ ಲಿಖಿತ ಒಪ್ಪಂದ ಮಾಡಿಕೊಂಡು, ಪರಿಹಾರದ ಹೊಣೆಯನ್ನು ಸರ್ಕಾರವೇ ಹೊತ್ತು, ಗೇಟಿನ ಬಳಿ ಅದನ್ನು ಬರೆದು ಹಾಕುವುದು ಹೆಚ್ಚು ನಡೆಯುವ ಕೆಲಸ. ಸದ್ಯಕ್ಕೆ ಅನೇಕ ಕಡೆ ಕಾಣುವುದು ‘ನಾಯಿಗಳಿಗೆ ಪ್ರವೇಶವಿಲ್ಲ’ ಎಂಬ ಫಲಕ ಮಾತ್ರ. ಅದನ್ನು ಓದಿದವನು, ಹಾಗಾದರೆ ಮನುಷ್ಯರಿಗೆ ಅಡ್ಡಿಯಿಲ್ಲವೇನೋ ಎಂದುಕೊಂಡು, ಅತ್ತಿತ್ತ ನೋಡಿ ಗೇಟಿನ ಕೊಂಡಿ ತೆಗೆಯುತ್ತಾನೆ.