ಎರಡು ಉತ್ತರಗಳ ಪದಬಂಧ

1996ನೆಯ ಇಸವಿ ನವೆಂಬರ್ 5, ಮಂಗಳವಾರ. ಅಮೆರಿಕದಲ್ಲಿ ಅಂದು ಅಧ್ಯಕ್ಷರ ಚುನಾವಣೆ. ಒಂದು ಕಡೆ ಬಿಲ್ ಕ್ಲಿಂಟನ್, ಇನ್ನೊಂದು ಕಡೆ ಬಾಬ್ ಡೋಲ್. ಜನ ಮತಗಟ್ಟೆಗೆ ಹೊರಡುವ ಮುನ್ನ, ಬೆಳಗಿನ ಕಾಫಿಯ ಜೊತೆಗೆ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಪದಬಂಧವನ್ನು ಬಿಡಿಸಲು ಕುಳಿತ ಹಲವರು ಬೆಚ್ಚಿಬಿದ್ದರು. ಚುನಾವಣೆಯ ಫಲಿತಾಂಶ ಆಗಲೇ ಅಲ್ಲಿ ಅಚ್ಚಾಗಿದ್ದಂತೆ ತೋರಿತು!

ಚೌಕದ ನಡುಸಾಲಿನಲ್ಲಿ ಏಳೇಳು ಅಕ್ಷರಗಳ ಎರಡು ಉತ್ತರಗಳು. 'ನಾಳೆಯ ಪತ್ರಿಕೆಯ ಮುಖ್ಯ ಸುದ್ದಿ' ಎಂಬುದು ಸುಳಿವು. ಎರಡನೆಯ ಪದ 'ಚುನಾಯಿತ' ಎಂಬರ್ಥದ 'ಎಲೆಕ್ಟೆಡ್'. ಮೊದಲನೆಯದು ಯಾರ ಹೆಸರು? ಕೆಲವರ ಚೌಕದಲ್ಲಿ 'ಕ್ಲಿಂಟನ್' ಎಂದು ಬಂದಿತು. ಅಷ್ಟೇ ಮಂದಿ ಜಾಣರ ಚೌಕದಲ್ಲಿ 'ಬಾಬ್ ಡೋಲ್' ಎಂದು ಬರಬಹುದಾಗಿತ್ತು. ಇಂಗ್ಲಿಷಿನಲ್ಲಿ ಎರಡಕ್ಕೂ ಏಳೇ ಅಕ್ಷರ.

ಗುಟ್ಟು ಇದ್ದುದು ಮೇಲಿನಿಂದ ಕೆಳಕ್ಕೆ ಇಳಿಯುವ ಏಳು ಪದಗಳಲ್ಲಿ. 'ಹ್ಯಾಲೋವೀನ್ ಹಬ್ಬದ ಕರಿಯ ಪ್ರಾಣಿ' ಎಂಬ ಸುಳಿವಿಗೆ ಬೆಕ್ಕು ಎಂದು ತಿಳಿದವರು 'ಕ್ಯಾಟ್' ಎಂದು ಬರೆದರು. ಕ್ಲಿಂಟನ್ನರ ಮೊದಲಕ್ಷರ 'ಸಿ' ದೊರೆಯಿತು. ಬಾವಲಿ ಎಂದು ತಿಳಿದವರು 'ಬ್ಯಾಟ್' ಎಂದು ಬರೆದರು. ಬಾಬ್ ಡೋಲರ 'ಬಿ' ದೊರೆಯಿತು. ಹೊಲಿಗೆಯ ಸಾಮಾನಿನ ಅಂಗಡಿಯಲ್ಲಿ ಕೊಳ್ಳುವುದು ನೂಲಾದರೆ 'ಯಾರ್ನ್', ಗಜದ ಲೆಕ್ಕದ ಬಟ್ಟೆಯಾದರೆ 'ಯಾರ್ಡ್'. ಹೀಗೆ ಏಳೂ ಸುಳಿವುಗಳು ಎರಡೆರಡು ಉತ್ತರಗಳಿಗೆ ಒಪ್ಪುತ್ತಿದ್ದುವು. ಯಾವ ಹೆಸರನ್ನು ಬರೆದರೂ ಚೌಕ ನಿರ್ದೋಷವಾಗಿಯೇ ತುಂಬುತ್ತಿತ್ತು.

ಅಂದು ಪದಬಂಧದ ಸಂಪಾದಕ ವಿಲ್ ಶಾರ್ಟ್ಸ್ ಅವರ ದೂರವಾಣಿ ಬಿಡುವಿಲ್ಲದೆ ಬಡಿದುಕೊಂಡಿತು. ಕ್ಲಿಂಟನ್ ಗೆಲ್ಲುವರೆಂದು ಮುಂಚೆಯೇ ಸಾರಲು ಪತ್ರಿಕೆಗೆ ಎಷ್ಟು ಧೈರ್ಯ ಎಂದು ಕೆಲವರ ಕೋಪ. ಡೋಲರ ಹೆಸರು ಹಾಕಿ ಪತ್ರಿಕೆ ದೊಡ್ಡ ಪ್ರಮಾದ ಮಾಡಿದೆ ಎಂದು ಮತ್ತೆ ಕೆಲವರ ಆಕ್ಷೇಪ. ಎರಡನೆಯ ಉತ್ತರವೊಂದು ಇರಬಹುದೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ಈ ಚೌಕವನ್ನು ಹೆಣೆದವರು ಗಣಿತದ ಪ್ರಾಧ್ಯಾಪಕ ಜೆರೆಮಿಯ ಫ್ಯಾರೆಲ್. 1980ರಲ್ಲಿಯೇ ಅವರು ಕಾರ್ಟರ್ ಮತ್ತು ರೇಗನ್ ಹೆಸರುಗಳಿಂದ ಇಂಥದೇ ಒಂದನ್ನು ರಚಿಸಿ ಕಳುಹಿಸಿದ್ದರು. ಅಂದಿನ ಸಂಪಾದಕ ಯೂಜೀನ್ ಮಲೆಸ್ಕ ಅದನ್ನು ಹಿಂದಿರುಗಿಸಿದರು. ಆ ವರ್ಷ ಕಣದಲ್ಲಿ ಆಂಡರ್ಸನ್ ಎಂಬ ಮೂರನೆಯವರೂ ಇದ್ದರು. ಅವರು ಗೆದ್ದರೆ ಗತಿಯೇನು ಎಂಬುದು ಮಲೆಸ್ಕರ ಪ್ರಶ್ನೆ. ಇದು ಬರಿಯ ಕೊಂಕು ಎನ್ನುವಂತಿಲ್ಲ. ನಾಳೆಯ ಸುದ್ದಿಯೆಂದು ಪತ್ರಿಕೆ ಹೇಳಿದರೆ, ಅದು ಸುದ್ದಿಯಾಗಲೇಬೇಕು. 1996ರಲ್ಲಿಯೂ ರಾಸ್ ಪೆರೋ ಎಂಬ ಮೂರನೆಯ ಅಭ್ಯರ್ಥಿ ಇದ್ದರು. ಮಲೆಸ್ಕರ ಪ್ರಶ್ನೆ ಹಾಗೆಯೇ ಉಳಿದಿತ್ತು. ಶಾರ್ಟ್ಸ್ ಆ ಅಪಾಯವನ್ನು ತಲೆಯ ಮೇಲೆ ಹೊತ್ತರು, ಅಷ್ಟೆ. ಕ್ಲಿಂಟನ್ ಗೆದ್ದುದರಿಂದ ಪದಬಂಧವೂ ಗೆದ್ದಿತು. ಆದರೂ ನಿಷ್ಠುರ ವಿಮರ್ಶಕರು ಒಂದು ಕುಂದನ್ನು ಕಂಡಾರು: ಒಬ್ಬರಿಗೆ ಮನೆತನದ ಹೆಸರು ಮಾತ್ರ, ಇನ್ನೊಬ್ಬರಿಗೆ ಪೂರ್ಣ ಹೆಸರು. ಏಳರ ಲೆಕ್ಕಕ್ಕಾಗಿ ಮಾಡಿಕೊಂಡ ರಾಜಿ ಇದು.

ಒಂದು ವಿಷಯವನ್ನು ಆರಿಸಿ ಪದಬಂಧ ಕಟ್ಟುವುದು ಸುಲಭವೆಂದು ತೋರುತ್ತದೆ. ಕರ್ನಾಟಕದ ನದಿಗಳನ್ನೇ ತೆಗೆದುಕೊಳ್ಳಬಹುದು. ಕಾವೇರಿ, ಭೀಮಾ, ಶರಾವತಿ ಎಂದು ತೋಚಿದ ಹೆಸರುಗಳನ್ನು ತುಂಬಿದರೆ ಅದು ಭೂಗೋಳದ ಪಟ್ಟಿಯಾದೀತು. ಶರಾವತಿ, ಹೇಮಾವತಿ, ನೇತ್ರಾವತಿ, ವೇದಾವತಿ ಎಂದರೆ ಅಲ್ಲೊಂದು ಸೂತ್ರವಿದೆ: ನಾಲ್ಕಕ್ಕೂ ನಾಲ್ಕೇ ಅಕ್ಷರ, ನಾಲ್ಕರ ಕೊನೆಗೂ 'ವತಿ'. ಎರಡು ಹೆಸರು ಬಿಡಿಸಿದ ಗೃಹಿಣಿ ಮಿಕ್ಕೆರಡನ್ನು ಊಹಿಸಬಲ್ಲಳು. ವಿಷಯವು ಬಿಡಿಸುವವರ ಕೈಹಿಡಿದು ನಡೆಸಿತೆ ಎಂಬುದು ವಿಮರ್ಶೆಯ ಮೊದಲ ಪ್ರಶ್ನೆ. ಆ ನಾಲ್ಕು ಹೆಸರುಗಳನ್ನು ಕೂರಿಸುವ ಆತುರದಲ್ಲಿ ಅಡ್ಡಹಾಯುವ ಮನೆಗಳಿಗೆ ನಿಘಂಟಿನ ಮೂಲೆಯಿಂದ ಯಾರೂ ಕೇಳದ ಪದಗಳನ್ನು ಎಳೆತಂದರೆ ಎಂಬುದು ಎರಡನೆಯದು.

ಕನ್ನಡದಲ್ಲಿ ಈ ಕೆಲಸ ಇನ್ನೂ ಬಿಗಿಯಾದುದು. ಇಂಗ್ಲಿಷಿನ ಮನೆಯೊಂದರಲ್ಲಿ ಇರುವುದು ಇಪ್ಪತ್ತಾರು ಅಕ್ಷರಗಳಲ್ಲಿ ಒಂದು. ಕನ್ನಡದ ಮನೆಯಲ್ಲಿ ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಇಡಿಯಾಗಿ ಕೂರುತ್ತವೆ. ಕಾವೇರಿಯ 'ವೇ'ಯನ್ನು ದಾಟುವ ಪದದಲ್ಲಿಯೂ 'ವೇ'ಯೇ ಇರಬೇಕು. 'ವ' ಸಾಲದು, 'ವೆ' ಸಾಲದು. ಆದರೂ ಫ್ಯಾರೆಲ್ಲರ ಚಮತ್ಕಾರ ಇಲ್ಲಿ ಅಸಾಧ್ಯವೇನಲ್ಲ. 'ರೈತನು ಎದುರುನೋಡುವುದು' ಎಂಬ ಎರಡಕ್ಷರದ ಸುಳಿವಿಗೆ ಮಳೆಯೂ ಸರಿ, ಬೆಳೆಯೂ ಸರಿ. ಮೊದಲ ಮನೆಯಿಂದ ಕೆಳಕ್ಕೆ 'ಬಡಗಿ ಮಾಡಿಕೊಡುವ ಸಣ್ಣ ವಸ್ತು' ಎಂದರೆ ಮಣೆಯೂ ಆಯಿತು, ಬೆಣೆಯೂ ಆಯಿತು. ಇಂಥ ಒಂದು ಜೋಡಿಗೇ ಸಾಕಷ್ಟು ತಿಣುಕಬೇಕು. ಏಳನ್ನು ಒಂದೇ ಸಾಲಿಗೆ ಹೊಂದಿಸಿದವರ ತಾಳ್ಮೆ ಎಷ್ಟಿರಬೇಕು!

ಎರಡು ಉತ್ತರಗಳ ಸುಳಿವಿಗೆ ನಮ್ಮ ನಾಡಿನಲ್ಲಿ ಇನ್ನೊಂದು ಚರಿತ್ರೆಯೂ ಉಂಟು. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಪತ್ರಿಕೆಯ ಬಹುಮಾನದ ಪದಬಂಧಗಳು ಮುಂಬಯಿ ಪ್ರಾಂತದಲ್ಲಿ ಅಪಾರ ಜನಪ್ರಿಯವಾಗಿದ್ದುವು. ಅಲ್ಲಿಯೂ ಒಂದು ಸುಳಿವಿಗೆ ಎರಡು ಪದ ಹೊಂದಬಹುದಾಗಿತ್ತು. ಆದರೆ ಬಹುಮಾನ ಸಿಗುತ್ತಿದ್ದುದು ಸಂಚಾಲಕರು ಮೊದಲೇ ಗೊತ್ತುಮಾಡಿದ್ದ ಪದಕ್ಕೆ. ಶುಲ್ಕ ಕಟ್ಟಿ, ನಿಘಂಟು ತಿರುವಿ, ಒಪ್ಪುವ ಪದ ಬರೆದವನೂ ಬರಿಗೈಯಲ್ಲಿ ಉಳಿಯಬಹುದಾಗಿತ್ತು. 1957ರಲ್ಲಿ ಸುಪ್ರೀಂ ಕೋರ್ಟು ಇಂಥ ಸ್ಪರ್ಧೆ ಜೂಜಿನ ಸ್ವರೂಪದ್ದೆಂದು ತೀರ್ಪಿತ್ತಿತು. ಅದಕ್ಕೂ ಮುಂಚೆ, 1955ರಲ್ಲಿ, ಬಹುಮಾನ ಸ್ಪರ್ಧೆಗಳನ್ನು ಹತೋಟಿಗೆ ತರುವ ಕಾಯಿದೆಯನ್ನು ಪಾರ್ಲಿಮೆಂಟು ಮಾಡಿತ್ತು.

ಹೆಣೆಯುವ ಜಾಣತನ ಎರಡು ಕಡೆಯೂ ಇತ್ತು. ಒಂದರಲ್ಲಿ, ಸರಿಯಾಗಿ ಯೋಚಿಸಿದವನಿಗೂ ಸೋಲು ಕಾದಿತ್ತು. ಇನ್ನೊಂದರಲ್ಲಿ, ಯಾವ ದಾರಿಯಲ್ಲಿ ಬಂದವನಿಗೂ ಬಾಗಿಲು ತೆರೆದಿತ್ತು. ಪದಬಂಧ ಹೆಣೆಯುವವರೂ ಅದನ್ನು ತೂಗುವವರೂ ಕೊನೆಗೆ ಕೇಳಬೇಕಾದುದು ಇದನ್ನೇ: ಸುಳಿವನ್ನು ನಂಬಿ ನಡೆದ ಓದುಗನಿಗೆ ಅನ್ಯಾಯವಾಯಿತೆ? ಮನೆಯಲ್ಲಿ ತಂದೆ 'ಮಳೆ' ಎಂದು, ಮಗಳು 'ಬೆಳೆ' ಎಂದು ಬರೆದು ವಾದಕ್ಕಿಳಿದರೆ, ಮರುವಾರ ಉತ್ತರದ ಪುಟ ತೆರೆದಾಗ ಇಬ್ಬರೂ ನಗುವಂತಿರಬೇಕು.