ತಿಂಗಳಿಗೊಂದು ಹೊಸ ಹಾಡು

ನಮ್ಮ ಹೆಣ್ಣುಮಕ್ಕಳು ಈಗ ಕೇಳುವ ಹಾಡುಗಳ ವಿಷಯವಾಗಿ ತಾಯ್ತಂದೆಗಳು ಆಡುವ ದೂರು ಬಹಳ ಹಳೆಯದು. ಅದನ್ನು ಇಲ್ಲಿ ಮತ್ತೊಮ್ಮೆ ಒಪ್ಪಿಸುವುದು ನನ್ನ ಉದ್ದೇಶವಲ್ಲ. ಆ ದೂರಿನಲ್ಲಿ ಯಾವ ಭಾಗವು ನ್ಯಾಯವಾದುದು, ಯಾವ ಭಾಗವು ಕೇವಲ ಅಭ್ಯಾಸಬಲದಿಂದ ಬಂದುದು ಎಂಬುದನ್ನು ಕೊಂಚ ವಿಚಾರಿಸಿ, ನಮ್ಮ ಶಾಲೆಯವರ ಮುಂದೆ ಒಂದು ಸೂಚನೆಯನ್ನು ಇಡಬೇಕೆಂದು ಈ ಲೇಖನವನ್ನು ಬರೆಯುತ್ತಿರುವೆನು. ವಿದುರಾಶ್ವತ್ಥದ ಸುತ್ತಮುತ್ತಣ ಹಳ್ಳಿಗಳಿಂದಲೂ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಕಡೆಯಿಂದಲೂ ಬಂದು ಓದಿ ಹೋದ ಸೋದರಿಯರಿಗೆ ಈ ವಿಷಯವು ಅಪರಿಚಿತವಾಗಿರದು. ಅವರಲ್ಲಿ ಅನೇಕರು ಇಂದು ತಾವೇ ತಾಯಂದಿರಾಗಿ, ಮಗಳ ಕಿವಿಯಿಂದ ಆ ಎರಡು ಸಣ್ಣ ಗುಂಡಿಗಳನ್ನು ಕೀಳುವ ಕೆಲಸದಲ್ಲಿ ತೊಡಗಿರುವರಷ್ಟೆ.

ಹೊಸ ಹಾಡು ಎಂಬುದು ಈಗ ಮನೆಗೆ ಹೇಗೆ ಬರುತ್ತದೆಂಬುದನ್ನು ಹಿರಿಯರು ತಿಳಿದಿರುವುದು ಮೇಲು. 2015ನೆಯ ಇಸವಿಯ ಜುಲೈ 10ರಿಂದೀಚೆಗೆ ಲೋಕದ ಬಹುಭಾಗದಲ್ಲಿ ಹೊಸ ಹಾಡುಗಳು ಶುಕ್ರವಾರದ ದಿನವೇ ಹೊರಬರತಕ್ಕದ್ದೆಂದು ಸಂಗೀತದ ಕಂಪನಿಗಳು ಗೊತ್ತುಮಾಡಿಕೊಂಡಿರುವವು. (ಶುಕ್ರವಾರವು ನಮ್ಮ ನೆರೆಯ ಮನೆಗಳಲ್ಲಿ ಲಕ್ಷ್ಮಿಯ ವಾರ, ಈಗ ಆ ದಿನಕ್ಕೆ ಇನ್ನೊಂದು ಪೂಜೆಯೂ ಸೇರಿತು.) ಹೀಗೆ ನಾಲ್ಕು ಶುಕ್ರವಾರ ಕಳೆಯುವಷ್ಟರಲ್ಲಿ, ‘ಈ ತಿಂಗಳಲ್ಲಿ ಮೆಚ್ಚಬೇಕಾದ ಹೊಸ ಹಾಡುಗಳು’ ಎಂಬ ಪಟ್ಟಿಗಳು ನೂರಾರು ಹೊರಡುತ್ತವೆ. ಅವುಗಳಲ್ಲಿ ಸಿನಿಮಾ ಹಾಡುಗಳೂ ಉಂಟು, ಪಾಪ್ ಎಂಬ ಜನಪ್ರಿಯ ಸಂಗೀತವೂ ಉಂಟು. ಸಿನಿಮಾದ ಹಂಗಿಲ್ಲದೆ ನಾಲ್ಕಾರು ಮಂದಿ ತರುಣರು ಕೂಡಿ ತಾವೇ ಬರೆದು, ರಾಗ ಹಾಕಿ, ಹಾಡುವ ಪರ್ಯಾಯ ಸಂಗೀತವೆಂಬುದೂ ಉಂಟು. ನಮ್ಮ ಹುಡುಗಿಯರ ಕೈಫೋನಿಗೆ ಇವೆಲ್ಲವೂ ಬೆಂಗಳೂರಿಗೆ ಮುಟ್ಟಿದ ಗಳಿಗೆಯಲ್ಲಿಯೇ ಬಂದು ಮುಟ್ಟುತ್ತವೆ. ಹಿಂದೆ ಪೇಟೆಯ ಹೊಸತು ಹಳ್ಳಿಗೆ ಬರಲು ವರ್ಷ ಹಿಡಿಯುತ್ತಿತ್ತು. ಅಷ್ಟರೊಳಗೆ ಅದರ ಜೊಳ್ಳು ತೂರಿಹೋಗಿರುತ್ತಿತ್ತು. ಈಗ ತೂರುವ ಕೆಲಸವು ನಮ್ಮ ಪಾಲಿಗೇ ಬಂದಿದೆ.

ಸ್ಪಾಟಿಫೈ ಎಂಬ ಸಂಸ್ಥೆಯು 2019ನೆಯ ಫೆಬ್ರವರಿಯಲ್ಲಿ ನಮ್ಮ ದೇಶಕ್ಕೆ ಬಂದಿತು. ಅದರ ಲೆಕ್ಕದಲ್ಲಿ, ಕೇಳುವವರು ಒಂದು ಹಾಡನ್ನು 30 ಸೆಕೆಂಡುಗಳಾದರೂ ಕೇಳಿದರೆ ಮಾತ್ರ ಅದನ್ನು ಒಂದು ಸಲ ಕೇಳಿದಂತಾಯಿತು. ಹಾಡಿದವರಿಗೆ ಬರುವ ಹಣವು ಈ ಎಣಿಕೆಯನ್ನು ಅವಲಂಬಿಸಿದೆ. ಇದರ ಫಲವೇನೆಂದು ಊಹಿಸುವುದು ಕಷ್ಟವಲ್ಲ. ಹಾಡು ಮೆಲ್ಲನೆ ಕದ ತಟ್ಟಿ ಒಳಗೆ ಬರುವಂತಿಲ್ಲ. ಬಾಗಿಲು ನೂಕಿಕೊಂಡೇ ಬರಬೇಕು. ಪೀಠಿಕೆಯ ವಾದ್ಯ ಮೊಟಕಾಯಿತು, ಪಲ್ಲವಿ ಮುಂದಕ್ಕೆ ಓಡಿಬಂದಿತು, ಚರಣಗಳು ಎರಡೋ ಒಂದೋ ಆದುವು. ‘ಈಗಿನ ಹಾಡುಗಳಿಗೆ ಸಾವಧಾನವಿಲ್ಲ’ ಎಂದು ತಂದೆಯವರು ಗೊಣಗುವುದು ಈ ಮಟ್ಟಿಗೆ ನಿಜ. ಆದರೆ ಆ ಅವಸರವು ಹುಡುಗಿಯರ ಸ್ವಭಾವದಿಂದ ಬಂದುದಲ್ಲ. ಯಂತ್ರದ ಲೆಕ್ಕದಿಂದ ಬಂದುದು.

ಯಂತ್ರವು ಹಾಡಿನ ಅಳತೆಯನ್ನು ಗೊತ್ತುಮಾಡುವುದು ಇದು ಮೊದಲ ಸಲವೂ ಅಲ್ಲ. 1902ನೆಯ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಗಾಯಕಿಯು ಗ್ರಾಮಾಫೋನಿಗೆ ಹಾಡಿದಾಗ, ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು ಮಾತ್ರ. ರಾತ್ರಿಯೆಲ್ಲ ಹಾಡಬಲ್ಲ ವಿದ್ಯೆಯನ್ನು ಆಕೆ ಆ ಮೂರು ನಿಮಿಷಕ್ಕೆ ಹೊಂದಿಸಿ, ಕೊನೆಯಲ್ಲಿ ತನ್ನ ಹೆಸರನ್ನೂ ಇಂಗ್ಲಿಷಿನಲ್ಲಿ ಕೂಗಿ ಹೇಳಿ ಮುಗಿಸುತ್ತಿದ್ದಳು. ಹಾಡನ್ನು ಹೀಗೆ ತುಂಡುಮಾಡಿ ಮಾರುವುದು ವಿದ್ಯೆಗೆ ಅಪಚಾರವೆಂದು ಆಗ ನೊಂದುಕೊಂಡ ವಿದ್ವಾಂಸರು ಕಡಮೆಯಿಲ್ಲ. ಇಂದು ಅದೇ ತಟ್ಟೆಗಳನ್ನು ನಿಧಿಯಂತೆ ಹುಡುಕುವರು. ಆಕೆಯ ಕಡೆಯ ದಿನಗಳು ನಮ್ಮ ನಾಡಿನಲ್ಲಿಯೇ ಕಳೆದುವು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿದ್ದು, 1930ನೆಯ ಜನವರಿ 17ರಂದು ಮೈಸೂರಿನಲ್ಲಿ ತೀರಿಕೊಂಡಳು.

ಹೊಸ ವಾದ್ಯಗಳ ಮೇಲಿನ ಸಿಟ್ಟೂ ಇದೇ ಬಗೆಯದು. ಹಾರ್ಮೋನಿಯಂ ಇಲ್ಲದೆ ಭಜನೆಯನ್ನೇ ಊಹಿಸಲಾರೆವು. ಆದರೆ ಅದು ಭಾರತೀಯ ಸ್ವರಕ್ಕೆ ಒಗ್ಗದ ಪರಕೀಯ ಪೆಟ್ಟಿಗೆಯೆಂದು ಆಲ್ ಇಂಡಿಯಾ ರೇಡಿಯೋದವರು 1940ರಿಂದ 1971ರವರೆಗೆ ಅದನ್ನು ಒಳಗೆ ಬಿಡಲಿಲ್ಲ. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮರುಳಾಗಿ, ಅದರಲ್ಲಿ ಕರ್ನಾಟಕ ಸಂಗೀತದ ಗಮಕಗಳನ್ನು ನುಡಿಸಿ ತೋರಿಸಿದರು; 2004ರಲ್ಲಿ ಪದ್ಮಶ್ರೀ ಬಂದಿತು. ಇನ್ನು ನಮ್ಮ ಶಾಲೆಯ ಪ್ರಾರ್ಥನೆಯ ಮಾತು. ಕನ್ನಡದ ಮಾತನ್ನು ಜರ್ಮನಿ, ಇಂಗ್ಲೆಂಡುಗಳ ರಾಗಕ್ಕೆ ಕೂಡಿಸಿ, ನಾಲ್ಕು ದನಿಗಳಲ್ಲಿ ಹಾಡುವುದನ್ನು ನಾವು ಇಲ್ಲಿಯೇ ಕಲಿತೆವಲ್ಲವೇ? ಅದು ಬಂದ ಕಾಲಕ್ಕೆ ಅದಕ್ಕಿಂತ ‘ಪರ್ಯಾಯ’ವಾದ ಸಂಗೀತ ಈ ಸೀಮೆಯಲ್ಲಿ ಮತ್ತಾವುದಿದ್ದೀತು! ಕಿಟ್ಟೆಲ್ ಸಾಹೇಬರಾದರೋ 1862ರಲ್ಲಿ ‘ಕಥಾಮಾಲೆ’ಯನ್ನು ಬರೆದಾಗ ದಿಕ್ಕನ್ನು ತಿರುಗಿಸಿ, ಪರದೇಶದ ಕಥೆಯನ್ನು ಈ ದೇಶದ ಛಂದಸ್ಸಿನಲ್ಲಿ ಹಾಡಿಸಿದರು. ಕೂಡಿಕೆಯೆಂಬುದು ಎರಡು ಕಡೆಯಿಂದಲೂ ನಡೆದುಬಂದಿದೆ. ಗಿಟಾರಿನ ಸದ್ದಿಗೆ ಬೆಚ್ಚುವ ಹಕ್ಕು ನಮಗಂತೂ ಇಲ್ಲ.

ಹಾಗಾದರೆ ಎಲ್ಲ ಹೊಸ ಹಾಡೂ ಒಳ್ಳೆಯದೋ? ಅಲ್ಲವೇ ಅಲ್ಲ. ಮದ್ಯದ ಲೋಟವನ್ನು ಹೊಗಳುವ, ಹೆಣ್ಣನ್ನು ಸಂತೆಯ ಸರಕಿನಂತೆ ಅಂಗಾಂಗ ಎಣಿಸಿ ವರ್ಣಿಸುವ, ‘ಬೇಡ’ವೆಂದವಳನ್ನು ಬೆನ್ನಟ್ಟುವುದೇ ಪ್ರೇಮವೆಂದು ಸಾರುವ ಹಾಡುಗಳು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಧಾರಾಳವಾಗಿ ಬರುತ್ತಿವೆ, ಜಾತ್ರೆಯ ಧ್ವನಿವರ್ಧಕಗಳಲ್ಲಿ ಅವನ್ನೇ ಹಾಕುವರು. ವಿಚಿತ್ರವೇನೆಂದರೆ, ಮಗಳ ಇಂಗ್ಲಿಷ್ ಹಾಡಿನ ಡೋಲುಬಡಿತಕ್ಕೆ ಕೆರಳುವ ತಂದೆಯವರು ಮದುವೆಯ ಮನೆಯಲ್ಲಿ ಈ ಬಗೆಯ ಹಾಡಿಗೆ ತಲೆದೂಗುತ್ತ ಕುಳಿತಿರುವರು; ರಾಗ ಪರಿಚಿತವಾದುದರಿಂದ ಮಾತು ಅವರ ಕಿವಿಗೆ ಬೀಳುವುದೇ ಇಲ್ಲ. ನಾವು ಬಯ್ಯುತ್ತಿರುವುದು ಸದ್ದನ್ನು, ಬಯ್ಯಬೇಕಾದುದು ಮಾತನ್ನು.

ಮಾತಿಗೆ ಬೆಲೆ ಕೊಟ್ಟು ಹೊಸ ಹಾಡು ಕಟ್ಟುವುದು ಕನ್ನಡಕ್ಕೆ ಹೊಸ ವಿದ್ಯೆಯೂ ಅಲ್ಲ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ‘ನಿತ್ಯೋತ್ಸವ’ವೆಂಬ ಕ್ಯಾಸೆಟ್ಟಾಗಿ ಬಂದುವು. ಕವಿತೆಯು ಪುಸ್ತಕದಿಂದ ಎದ್ದು ಅಡಿಗೆಯ ಮನೆಗೆ ಬಂದುದು ಆಗ. ಅಕ್ಷರ ಬಾರದ ಅಜ್ಜಿಯರೂ ಕವಿತೆಯನ್ನು ಬಾಯಿಪಾಠ ಮಾಡಿದರು. ಸಿ. ಅಶ್ವತ್ಥರು ಶಿಶುನಾಳ ಷರೀಫರ ತತ್ವಪದಗಳಿಗೆ ಮನೆಮನೆಯ ಬಾಗಿಲು ತೆರೆದರು. ಅವೇ ಪದಗಳು 2008ರಲ್ಲಿ ರಘು ದೀಕ್ಷಿತರ ತಂಡದ ಗಿಟಾರು, ಡ್ರಮ್ಮುಗಳೊಡನೆ ಹೊರಟು ಪರದೇಶಗಳ ವೇದಿಕೆಗಳನ್ನು ಏರಿದುವು. ಷರೀಫರ ಮಾತು ಅದರಿಂದ ಕುಗ್ಗಲಿಲ್ಲ.

ಈಚಿನವುಗಳಲ್ಲಿ ನನಗೆ ಮೆಚ್ಚಿಕೆಯಾದವು ಯಾವುವೆಂದು ಕೇಳಿದರೆ, ಹೆಂಗಸರ ದನಿಗಳನ್ನೇ ಮೊದಲು ಹೇಳುವೆನು. 2018ನೆಯ ಇಸವಿಯ ‘ನಾತಿಚರಾಮಿ’ ಚಿತ್ರದಲ್ಲಿ ಬಿಂದುಮಾಲಿನಿಯವರು ಹಾಡಿದ ‘ಮಾಯಾವಿ ಮನವೆ’ಗೆ ರಾಷ್ಟ್ರಪ್ರಶಸ್ತಿ ಬಂದಿತು. ಆ ಹಾಡಿನಲ್ಲಿ ಅವಸರವಿಲ್ಲ; ದನಿಯು ತನ್ನೊಡನೆ ತಾನೇ ಮಾತಾಡಿಕೊಳ್ಳುವಂತಿದೆ; 30 ಸೆಕೆಂಡಿನ ಕಟ್ಟಳೆಗೆ ಅದು ಸೊಪ್ಪು ಹಾಕಿಲ್ಲ. ಮಾದೇಶ್ವರನ ಭಕ್ತರ ಬಾಯಲ್ಲಿದ್ದ ‘ಸೋಜುಗಾದ ಸೂಜುಮಲ್ಲಿಗೆ’ಯು ಅನನ್ಯಾ ಭಟ್ಟರ ಕಂಠದಿಂದ ನಾಡೆಲ್ಲ ಹಬ್ಬಿ, 2021ರಲ್ಲಿ ‘ಗರುಡ ಗಮನ ವೃಷಭ ವಾಹನ’ ಚಿತ್ರದಲ್ಲಿ ಚೈತ್ರಾ ಆಚಾರರ ದನಿಯಲ್ಲಿ ಮತ್ತೊಂದು ರೂಪವನ್ನು ತಾಳಿತು. ಕನ್ನಡ ಬಾರದ ಹುಡುಗಿಯರೂ ಅದನ್ನು ಹಾಡುವರು. ಹೊಸತೆಂದು ಅವರು ಕೇಳಿದುದು ಎಷ್ಟು ಹಳೆಯದೆಂದು ಅವರಿಗೆ ಹೇಳುವವರು ಬೇಕು, ಅಷ್ಟೆ.

ಇನ್ನೊಂದು ಹೆಸರನ್ನು ಹೇಳಿದರೆ ಕೆಲವರು ಹುಬ್ಬೇರಿಸಬಹುದು. ಬೆಂಗಳೂರಿನಲ್ಲಿ ಬೆಳಕಿಗೆ ಬಂದ, ಹನುಮನ್‌ಕೈಂಡ್ ಎಂದು ಹೆಸರಿಟ್ಟುಕೊಂಡ ಮಲೆಯಾಳಿ ತರುಣನು 2024ರ ಜುಲೈಯಲ್ಲಿ ‘ಬಿಗ್ ಡಾಗ್ಸ್’ ಎಂಬ ಇಂಗ್ಲಿಷ್ ಹಾಡನ್ನು ಹೊರತಂದನು. ಲೋಕವೆಲ್ಲ ಅದನ್ನು ಕೇಳಿತು. ಆ ಹಾಡಿನ ಮಾತು ಒರಟಾದುದು, ಅದನ್ನು ನಮ್ಮ ಮಕ್ಕಳಿಗೆ ನಾನು ಶಿಫಾರಸು ಮಾಡಲಾರೆನು. ಆದರೆ 2025ರ ಮಾರ್ಚಿಯಲ್ಲಿ ಬಂದ ಆತನ ‘ರನ್ ಇಟ್ ಅಪ್’ ಎಂಬುದರಲ್ಲಿ ಕೇರಳದ ಚೆಂಡೆಯೇ ಹಾಡಿನ ಬೆನ್ನೆಲುಬಾಗಿದೆ. ದೇವಸ್ಥಾನದ ಚೆಂಡೆಯನ್ನು ಕೇಳಿ ಅಮೆರಿಕದ ಹುಡುಗರು ಕುಣಿಯುವರು. ಆಗ ನನಗೆ ನೆನಪಾಗುವುದು ನಮ್ಮ ತಮಟೆ.

ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಯ ವಾದನಕ್ಕಾಗಿ 2023ರಲ್ಲಿ ಪದ್ಮಶ್ರೀ ದೊರೆಯಿತು. ತಮಟೆಯನ್ನು ನಾವು ಕೇಳಿದ್ದೇವೆ, ಆದರೆ ಕಿವಿಗೊಟ್ಟು ಕೇಳಿದ್ದೇವೆಯೇ? ಸಾವಿನ ಮನೆಯ, ಜಾತ್ರೆಯ ಸದ್ದೆಂದು, ಮುಖ್ಯವಾಗಿ ಯಾವ ಕೇರಿಯವರು ಅದನ್ನು ಬಾರಿಸುವರೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು, ಅದನ್ನು ಸಂಗೀತದ ಪಂಕ್ತಿಯಿಂದ ಎಬ್ಬಿಸಿ ಹೊರಗೆ ಕೂರಿಸಿದೆವು. ಬೆಂಕಿಗೆ ಕಾಯಿಸಿ ಹದಮಾಡಿದ ಆ ಚರ್ಮದಲ್ಲಿ ಹುಟ್ಟುವ ನಡೆಗಳನ್ನು ಹಾಡಿನ ತರಗತಿಯಲ್ಲಿ ಕಲಿಸಿದರೆ ತಪ್ಪೇನು? ಕೈವಾರದ ತಾತಯ್ಯನವರ ವಿಷಯವೂ ಹಾಗೆಯೇ. ಬಳೆ ಮಾರುತ್ತಿದ್ದ ಆ ಯೋಗಿಯು ತೆಲುಗು, ಕನ್ನಡ ಎರಡರಲ್ಲಿಯೂ ಪದ ಕಟ್ಟಿದನು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷು ಎಂದು ಬೆಳೆಯುವ ನಮ್ಮ ಗಡಿಸೀಮೆಯ ಹುಡುಗಿಗೆ ಎರಡು ಭಾಷೆಯ ಹಾಡು ಕಲಬೆರಕೆಯಲ್ಲ. ಅದೇ ಅವಳ ಮನೆಮಾತು.

ಇಷ್ಟು ಹೇಳಿಯೂ ನಾನು ಮುಖ್ಯ ವಿಷಯಕ್ಕೆ ಈಗ ಬರುತ್ತಿರುವೆನು. ನಮ್ಮ ಹುಡುಗಿಯರು ಏನು ಕೇಳುತ್ತಾರೆಂಬುದು ಅರ್ಧ ಚಿಂತೆ. ಅವರು ಹಾಡುವುದನ್ನೇ ನಿಲ್ಲಿಸುತ್ತಿರುವರೆಂಬುದು ದೊಡ್ಡ ಚಿಂತೆ. ಐದನೆಯ ತರಗತಿಯಲ್ಲಿ ಎಲ್ಲರೂ ಹಾಡುವರು. ಹತ್ತನೆಯದಕ್ಕೆ ಬರುವಷ್ಟರಲ್ಲಿ ಹತ್ತು ಜನ ಉಳಿಯುವರು. ಮದುವೆಯಾದ ಮೇಲೆ ತೊಟ್ಟಿಲ ಹಾಡಿಗೂ ಫೋನನ್ನೇ ಹಚ್ಚುವರು. ವಾರ್ಷಿಕೋತ್ಸವದಲ್ಲಿ ಮಗಳ ಹಾಡಿಗೆ ಕಣ್ಣೀರು ಹಾಕಿದ ತಂದೆಯವರೇ, ಅವಳು ವೇದಿಕೆಯ ಮೇಲೆ ಹಾಡುವುದನ್ನು ಮುಂದುವರಿಸುವೆನೆಂದರೆ, ‘ನಾಲ್ಕು ಜನ ಏನೆನ್ನುವರು’ ಎನ್ನುವರು. ಈ ಸೀಮೆಯ ಮನೆಗಳಲ್ಲಿ ಇದನ್ನು ಒಂದೆರಡು ಸಲವಲ್ಲ, ಅನೇಕ ಸಲ ಕಂಡಿರುವೆನು. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು ತಮ್ಮ ಆಸ್ತಿಯನ್ನು ಸುರಿದು ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು. ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡುವಂತಿಲ್ಲವೆಂದಾಗ, ಹೆಂಗಸರದೇ ಒಂದು ಗುಂಪನ್ನು ಕಟ್ಟಿ ಬೇರೆಯಾಗಿ ಹಾಡಿಸಿದರು. ಆ ‘ನಾಲ್ಕು ಜನ’ ಯಾರೆಂದು ಇಂದು ಯಾರಿಗೂ ನೆನಪಿಲ್ಲ.

ಆದುದರಿಂದ ನನ್ನ ಸೂಚನೆ ಇದು. ಬೆಂಗಳೂರು ಆಕಾಶವಾಣಿಯವರು ಹಿಂದೆ ತಿಂಗಳಿಗೊಂದು ಹೊಸ ಗೀತೆಗೆ ರಾಗ ಹಾಕಿಸಿ ಪ್ರಸಾರ ಮಾಡುತ್ತಿದ್ದುದನ್ನು ನಮ್ಮಲ್ಲಿ ವಯಸ್ಸಾದವರು ಬಲ್ಲರು. ಅದೇ ಮಾದರಿಯಲ್ಲಿ ಶಾಲೆಯಲ್ಲಿ ತಿಂಗಳಿಗೊಂದು ಹೊಸ ಹಾಡನ್ನು ವಿದ್ಯಾರ್ಥಿನಿಯರೇ ಆರಿಸಲಿ. ಯಾವ ಭಾಷೆಯಾದರೂ ಆಗಲಿ, ಸಿನಿಮಾದ್ದಾದರೂ ಆಗಲಿ. ಆದರೆ ಆರಿಸಿದವರು ಅದರ ಮಾತನ್ನು ಮೊದಲಿನಿಂದ ಕೊನೆಯವರೆಗೆ ಕಿವಿಯಿಂದಲೇ ಕೇಳಿ ಕಪ್ಪು ಹಲಗೆಯ ಮೇಲೆ ಬರೆಯಬೇಕು, ಬರೆದುದನ್ನು ಗಟ್ಟಿಯಾಗಿ ಓದಬೇಕು, ಆಮೇಲೆ ಹಾಡಬೇಕು. ಬಾಯಿಬಿಟ್ಟು ಓದಲಾಗದ ಹಾಡು ತಾನಾಗಿಯೇ ಬಿದ್ದುಹೋಗುವುದು. ಅದಕ್ಕೆ ಉಪಾಧ್ಯಾಯಿನಿಯರ ನಿಷೇಧವು ಬೇಕಾಗದು. ತಾಯಂದಿರನ್ನೂ ಆ ದಿನ ಕರೆಯಬಹುದು. ಅವರು ತಮ್ಮ ಕಾಲದ ಒಂದು ಹಾಡನ್ನು ಹೇಳಿಕೊಡಲಿ, ಮಗಳ ಕಾಲದ ಒಂದನ್ನು ಕಲಿಯಲಿ.

ವರ್ಷಕ್ಕೊಂದು ತಿಂಗಳು ಮಾತ್ರ ಆರಿಸುವುದನ್ನು ಬಿಟ್ಟು, ಹುಡುಗಿಯರು ತಾವೇ ಕಟ್ಟಬೇಕು. ಆ ತಿಂಗಳು ಏಪ್ರಿಲ್ ಆಗಲೆಂದು ನನ್ನ ಆಸೆ. 1938ನೆಯ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜವನ್ನು ಹಿಡಿದು ನೆರೆದ ಜನರ ಮೇಲೆ ಗುಂಡು ಹಾರಿತು. ಸತ್ತವರ ವಿಷಯದಲ್ಲಿ ಸರ್ಕಾರದ ಎಣಿಕೆಗೂ ಜನರ ಎಣಿಕೆಗೂ ಇಂದಿಗೂ ಹೊಂದಿಕೆಯಿಲ್ಲ. ಊರಿಗೆ ಹೆಸರು ಕೊಟ್ಟ ಆ ಪ್ರಾಚೀನ ಅಶ್ವತ್ಥವು 2001ರಲ್ಲಿ ಉರುಳಿತು. ಕೆಳಗೆ ಸಾವಿರಾರು ನಾಗರಕಲ್ಲುಗಳು ಉಳಿದಿವೆ, ಪಕ್ಕದಲ್ಲಿ ಉತ್ತರ ಪಿನಾಕಿನಿ. ಮಾತು ಕನ್ನಡದ್ದೋ ತೆಲುಗಿನದೋ ಅವರೇ ಗೊತ್ತುಮಾಡಿಕೊಳ್ಳಲಿ, ಬೇಕಾದರೆ ಆ ತರುಣನಂತೆ ತಾಳಕ್ಕೆ ಮಾತಾಡುತ್ತಲೇ ಹೇಳಲಿ. ತಮಟೆಯವರನ್ನು ಮಾತ್ರ ಮರೆಯದೆ ಮುಂಚಿತವಾಗಿ ಕರೆಸಿ, ಅವರಿಗೆ ಸಲ್ಲತಕ್ಕ ಸಂಭಾವನೆಯನ್ನು ಹಳೆಯ ವಿದ್ಯಾರ್ಥಿನಿಯರ ಸಂಘದಿಂದ ಕೊಡತಕ್ಕದ್ದು.