ನೀಲಿ ಮಣಿಸರ ಕೊಳ್ಳುವ ಮುನ್ನ

ಪರಿಚಯದ ಗೃಹಿಣಿಯೊಬ್ಬರು ಎಕ್ಸಿಬಿಷನ್‌ನಲ್ಲಿ ಆಸೆಪಟ್ಟು ನೀಲಿ ಮಣಿಸರ ಕೊಂಡರು. ‘ಹ್ಯಾಂಡ್‌ಮೇಡ್ ಮೇಡಂ, ಒರಿಜಿನಲ್ ಲ್ಯಾಪಿಸ್ ಲಾಜುಲಿ’ ಅಂದಿದ್ದನಂತೆ ಅಂಗಡಿಯವ. ಮದುವೆಮನೆಯಿಂದ ಬಂದು ಸರ ತೆಗೆದರೆ ಕತ್ತಿನ ಸುತ್ತ ನೀಲಿ ಬಣ್ಣ! ‘ಮನೆಖರ್ಚಲ್ಲಿ ಉಳಿಸಿದ ದುಡ್ಡು ಕಣ್ರೀ’ ಎಂದು ಪೇಚಾಡಿಕೊಂಡರು.

ಹಾಗಂತ ಆ ಹರಳನ್ನೇ ದೂರಬೇಡಿ. ಅದರ ಮನೆತನ ದೊಡ್ಡದು. ಅಫ್ಘಾನಿಸ್ತಾನದ ಬದಕ್ಷಾನ್ ಬೆಟ್ಟಗಳಿಂದ ಸಾವಿರಾರು ವರ್ಷಗಳಿಂದ ಇದನ್ನು ತೆಗೆಯುತ್ತಿದ್ದಾರೆ. ಇಂದಿನ ಇರಾಕ್‌ನಲ್ಲಿರುವ ಪ್ರಾಚೀನ ಊರ್ ನಗರದ ರಾಣಿ ಪುಅಬಿಯ ಸಮಾಧಿಯಲ್ಲಿ, ಸುಮಾರು 4,500 ವರ್ಷಗಳ ಹಿಂದಿನ ಚಿನ್ನದೊಡವೆಗಳ ಜೊತೆ ಈ ಮಣಿಗಳೂ ಸಿಕ್ಕಿವೆ. ಈಜಿಪ್ಟಿನ ದೊರೆ ಟುಟಾಂಖಾಮನ್‌ನ ಚಿನ್ನದ ಮುಖವಾಡದ ಹುಬ್ಬಿಗೂ ಇದನ್ನೇ ಕೂರಿಸಿದ್ದಾರೆ. ಸಂಸ್ಕೃತದಲ್ಲಿ ಇದರ ಹೆಸರು ‘ರಾಜಾವರ್ತ’. ಯುರೋಪಿನ ಚಿತ್ರಕಾರರು ಇದನ್ನು ಅರೆದೇ ದುಬಾರಿ ಅಲ್ಟ್ರಾಮರೀನ್ ಬಣ್ಣ ಪಡೆಯುತ್ತಿದ್ದರು. 1820ರ ದಶಕದಲ್ಲಿ ಆ ಬಣ್ಣವನ್ನು ಕೃತಕವಾಗಿ ತಯಾರಿಸಿದ ಮೇಲೆ ಅದು ಅಗ್ಗವಾಯಿತು. ಅಮ್ಮ ಬಿಳಿಬಟ್ಟೆಗೆ ಹಾಕುತ್ತಿದ್ದ ನೀಲಿಪುಡಿ ನೆನಪಿದೆಯಾ? ಅದರಲ್ಲಿದ್ದದ್ದೂ ಇದೇ ಬಣ್ಣ!

ಇಷ್ಟು ಬೇಡಿಕೆಯಿದ್ದ ಮೇಲೆ ನಕಲಿ ಬರದೇ ಇರುತ್ತದೆಯೇ? ಬಿಳಿ ಹೌಲೈಟ್ ಕಲ್ಲಿಗೆ ಬಣ್ಣ ಕಟ್ಟಿ ಮಾರುತ್ತಾರೆ. ಕಡಿಮೆ ದರ್ಜೆಯ ಲ್ಯಾಪಿಸ್‌ಗೂ ಬಣ್ಣ ಹಾಕುವುದುಂಟು. ‘ಹ್ಯಾಂಡ್‌ಮೇಡ್’ ಅಂದರೆ ಪೋಣಿಸಿದ ಕೈಗೆ ಸಿಕ್ಕ ಸರ್ಟಿಫಿಕೇಟ್ ಅಷ್ಟೆ, ಕಲ್ಲಿಗಲ್ಲ. ಎರಡನ್ನೂ ಬೇರೆ ಬೇರೆ ನೋಡಿ.

ಕಲ್ಲಿನಲ್ಲಿ ಸಣ್ಣ ಚಿನ್ನದ ಚುಕ್ಕೆ, ಬಿಳಿ ಗೆರೆ ಕಂಡರೆ ಮುಖ ಸಿಂಡರಿಸಬೇಡಿ, ಅವು ಸಹಜ. ಕಡಿಮೆ ಬೆಲೆಗೆ ಎಲ್ಲ ಮಣಿಯೂ ಒಂದೇ ಕಡುನೀಲಿ ಇದ್ದರೆ ಮಾತ್ರ ಅನುಮಾನಪಡಿ. ಅಂಗಡಿಯವರ ಒಪ್ಪಿಗೆ ಪಡೆದು, ನೇಲ್‌ಪಾಲಿಷ್ ರಿಮೂವರ್ ಅದ್ದಿದ ಹತ್ತಿಯಿಂದ ಒಂದು ಮಣಿಯ ತೂತಿನ ಹತ್ತಿರ ಒರೆಸಿ. ಹತ್ತಿ ನೀಲಿಯಾದರೆ ಬಣ್ಣ ಹಾಕಿದ್ದಾರೆ ಅಂತಲೇ ಅರ್ಥ. ಮಣಿ ಮಣಿಗೂ ನಡುವೆ ಗಂಟು ಹಾಕಿಸಿಕೊಳ್ಳಿ. ದಾರ ಹರಿದರೂ ಎಲ್ಲ ಚೆಲ್ಲಾಡುವುದಿಲ್ಲ.

ಮನೆಗೆ ತಂದ ಮೇಲೆ ಜೋಪಾನ. ಇದು ಮೆದು ಕಲ್ಲು. ನಿಂಬೆ, ಹುಣಸೆ, ವಿನಿಗರ್ ತಾಗಿದರೆ ಹೊಳಪು ಹೋಗುತ್ತದೆ. ಅಡುಗೆಗೆ ನಿಲ್ಲುವ ಮುಂಚೆ ಬಿಚ್ಚಿಡಿ. ಸೆಂಟ್ ಹಾಕಿಕೊಂಡ ಮೇಲೆಯೇ ಸರ ಧರಿಸಿ. ಒದ್ದೆ ಮೆದುಬಟ್ಟೆಯಿಂದ ಒರೆಸಿ, ಬೇರೆ ಡಬ್ಬಿಯಲ್ಲಿಡಿ.

ಬಣ್ಣ ಕಟ್ಟಿದ ಮಣಿ ಹಾಕಿಕೊಳ್ಳುವುದು ತಪ್ಪೇನಲ್ಲ, ಚೆಂದವಿದ್ದರೆ ಖುಷಿಯಾಗಿ ಹಾಕಿ. ಆದರೆ ಅದಕ್ಕೆ ರಾಣಿ ಪುಅಬಿಯ ಕಲ್ಲಿನ ಬೆಲೆ ಯಾಕೆ ಕೊಡಬೇಕು? ಕೇಳಿ, ಪರೀಕ್ಷಿಸಿ, ಬಿಲ್ಲಿನಲ್ಲಿ ಕಲ್ಲಿನ ಹೆಸರು ಬರೆಸಿಕೊಳ್ಳಿ. ನಿಮ್ಮ ದುಡ್ಡು, ಸಂಕೋಚ ಯಾಕೆ?